ಯಕ್ಷಗಾನದ ರೆಕಾರ್ಡಿಂಗ್ ಇಡಲು ಹಾರ್ಡ್ ಡಿಸ್ಕಾ, ಎಸ್‌ಎಸ್‌ಡಿಯಾ, ಪರಮಾಣುವಿಗೆ ಕಾಯೋದಾ?

ಕುಂಬಳೆ, ಮಂಜೇಶ್ವರ ಕಡೆಯ ಮಳೆಗೆ ತಾಳಮದ್ದಳೆಯ ಹಳೆ ಕ್ಯಾಸೆಟ್‌ಗಳು ಬೂಸ್ಟು ಹಿಡಿಯುತ್ತವೆ. ಬೇಗ ಡಿಜಿಟಲ್ ಮಾಡಿಡಬೇಕು. ಆದರೆ ಯಾವುದರಲ್ಲಿ?

ಚಿಪ್‌ನಲ್ಲಿ ವಿದ್ಯುತ್ ಚಾರ್ಜ್ ರೂಪದಲ್ಲಿ ಮಾಹಿತಿ ಇಡುವ ಎಸ್‌ಎಸ್‌ಡಿಗೆ ವೇಗ ಜಾಸ್ತಿ, ಕೈಜಾರಿ ಬಿದ್ದರೂ ತಡೆದುಕೊಳ್ಳುತ್ತದೆ. ಆದರೆ ಕರೆಂಟ್ ಇಲ್ಲದೆ ವರ್ಷಗಟ್ಟಲೆ ಕಪಾಟಿನಲ್ಲಿಟ್ಟರೆ ಚಾರ್ಜ್ ಸೋರಿ ಮಾಹಿತಿ ಹೋಗಬಹುದು. ಸುಮ್ನೆ ಎತ್ತಿಡುವ ಪ್ರತಿಗೆ ಹಾರ್ಡ್ ಡಿಸ್ಕೇ ವಾಸಿ. ಬೆಲೆಯೂ ಕಡಿಮೆ.

ಇನ್ನು ಪರಮಾಣು, ಅಂದರೆ ಒಂದೊಂದು ಪರಮಾಣುವಿನ ಮಟ್ಟದಲ್ಲೇ ಮಾಹಿತಿ ಬರೆದಿಡುವ ದಾರಿ. ಇದು ನಿಜಕ್ಕೂ ಬೆರಗಿನ ಕೆಲಸ. 2016ರಲ್ಲಿ ನೆದರ್‌ಲ್ಯಾಂಡ್ಸ್‌ನ ಡೆಲ್ಫ್ಟ್ ವಿಶ್ವವಿದ್ಯಾಲಯದವರು ತಾಮ್ರದ ಮೇಲಿನ ಕ್ಲೋರಿನ್ ಪರಮಾಣುಗಳನ್ನು ಒಂದೊಂದಾಗಿ ಸರಿಸಿ 1 ಕಿಲೋಬೈಟ್ ಬರೆದರು. ಪರಮಾಣು ಮೇಲಿದೆಯೋ, ಪಕ್ಕದ ಖಾಲಿ ಜಾಗ ಮೇಲಿದೆಯೋ ಎಂಬುದೇ ಒಂದು ಬಿಟ್, ಅಂದರೆ ಸೊನ್ನೆ ಅಥವಾ ಒಂದು. ಚದರ ಇಂಚಿಗೆ ಸುಮಾರು 500 ಟೆರಾಬಿಟ್ ಲೆಕ್ಕ! 2017ರಲ್ಲಿ ಕಂಪ್ಯೂಟರ್ ಕಂಪನಿ ಐಬಿಎಂ, ಹೋಲ್ಮಿಯಂ ಎಂಬ ಲೋಹದ ಒಂದೇ ಪರಮಾಣುವಿನ ಕಾಂತಗುಣದಲ್ಲಿ ಒಂದು ಬಿಟ್ ಇಟ್ಟಿತು. ಜಾಗ ಉಳಿಸುವುದರಲ್ಲಿ ಐಬಿಎಂ ಮುಂದೆ. ಆದರೂ ನನಗೆ ಡೆಲ್ಫ್ಟ್ ದಾರಿಯ ಮೇಲೇ ಹೆಚ್ಚು ಭರವಸೆ. ಅದಕ್ಕೆ ಮೈನಸ್ 196 ಡಿಗ್ರಿ ಸಾಕಾಯಿತು, ಹೋಲ್ಮಿಯಂಗೆ ಅದಕ್ಕಿಂತಲೂ ಕಡುವಾದ, ದ್ರವ ಹೀಲಿಯಂನ ಚಳಿಯೇ ಬೇಕಾಯಿತು. ಎರಡೂ ಲ್ಯಾಬ್ ಬಿಟ್ಟು ನಮ್ಮ ಮನೆಗೆ ಬರುವಂಥವಲ್ಲ, ಅಲ್ವಾ?

ಹಾಗಾಗಿ ಕಾಯಬೇಡಿ. ಎರಡು ಹಾರ್ಡ್ ಡಿಸ್ಕ್ ತಗೊಳ್ಳಿ. ಒಂದನ್ನು ಬೇರೆ ಊರಿನ ನೆಂಟರ ಮನೆಯಲ್ಲಿಡಿ, ಆಗಾಗ ಹಾಕಿ ಪರೀಕ್ಷಿಸಿ.