ಕಪ್ಪು ಎಲ್ಲಿದ್ದರೆ ಚೆನ್ನ: ಗೋಡೆಯಲ್ಲೋ, ಮರದಲ್ಲೋ, ಬಟ್ಟೆಯಲ್ಲೋ?

ಇದ್ದಿಲು ಬಣ್ಣದ ಗೋಡೆ, ಕಡು ಹಸಿರು ಪರದೆ, ಕಪ್ಪು ಮರದ ಸಾಮಾನು. ಫೋಟೋದಲ್ಲಿ ನೋಡಿದರೆ ಯಾರಿಗಾದರೂ ಆಸೆಯಾಗುತ್ತದೆ. ಆದರೆ ಆ ಫೋಟೋಗಳಲ್ಲಿ ಬಟ್ಟೆ ಒಣಗಿಸುವ ಸ್ಟ್ಯಾಂಡ್ ಇರುವುದಿಲ್ಲ, ಪಳಪಳ ಹೊಳೆಯುವ ಕ್ರೀಮ್ ಟೈಲ್ಸ್ ಇರುವುದಿಲ್ಲ, ಮೇಲೆ ಬಿಳಿ ಟ್ಯೂಬ್‌ಲೈಟೂ ಇರುವುದಿಲ್ಲ. ಬೆಂಗಳೂರಿನ ನಮ್ಮ ಫ್ಲಾಟಿನಲ್ಲಿ ಇವೆಲ್ಲಾ ಇವೆ. ನನಗೆ ಮನೆ ಗಾಢವಾಗಿಯೂ ಕಾಣಬೇಕು, ನೆಲದ ಮೇಲೆ ಕಾಲು ಚಾಚಿ ಕೂತು ಅವರೆಕಾಯಿ ಸುಲಿಯುವ ಹಾಗೂ ಇರಬೇಕು. ಅದಕ್ಕೇ ಒಂದೇ ಮನೆಯಲ್ಲಿ ಬಣ್ಣ, ಹಳೇ ಮರ, ಬಟ್ಟೆ ಮೂರನ್ನೂ ನೋಡಿದೆ. ನನ್ನ ಓಟು ಮರಕ್ಕೆ. ಆದರೆ ಎಲ್ಲರ ಮನೆಗೂ ಅದೇ ಸರಿ ಅಂತೇನಿಲ್ಲ.

ಬಣ್ಣದಿಂದ ಶುರು ಮಾಡುತ್ತೇನೆ, ಎಲ್ಲರೂ ಮೊದಲು ಕೈ ಹಾಕುವುದು ಅಲ್ಲಿಗೇ ಅಲ್ವಾ. ಹಾಲ್‌ನಲ್ಲಿ ಸೋಫಾದ ಹಿಂದಿನ ಗೋಡೆಗೆ ಇದ್ದಿಲು ಬಣ್ಣ ಹೊಡೆಸಿದೆವು, ಉಳಿದ ಗೋಡೆಗಳು ಬಿಳಿ. ಕೆಲವು ಕಂಪನಿಗಳ ಶೇಡ್ ಕಾರ್ಡಿನಲ್ಲಿ ಎಲ್‌ಆರ್‌ವಿ ಅಂತ ಒಂದು ಅಂಕಿ ಇರುತ್ತದೆ. ಬಿದ್ದ ಬೆಳಕಿನಲ್ಲಿ ಎಷ್ಟನ್ನು ಗೋಡೆ ವಾಪಸ್ ಕೊಡುತ್ತದೆ ಅನ್ನುವ ಲೆಕ್ಕ ಅದು, 0ಯಿಂದ 100ರವರೆಗೆ. ಒಳ್ಳೆಯ ಬಿಳಿ 80 ದಾಟುತ್ತದೆ. ಇದ್ದಿಲು ಬಣ್ಣ ಸಾಮಾನ್ಯವಾಗಿ 10ರ ಒಳಗೇ. ಅಂದರೆ ಆ ಗೋಡೆಗೆ ಬಿದ್ದ ಬೆಳಕು ಹೆಚ್ಚುಕಡಿಮೆ ಅಲ್ಲಿಗೇ ಮುಗಿಯಿತು.

ಪೇಂಟರ್ ಮೊದಲೇ ಹೇಳಿದ್ದರು: "ಬಿಳಿ ಆದ್ರೆ ಎರಡು ಕೋಟ್‌ಗೆ ಮುಗಿಯುತ್ತೆ ಮೇಡಂ, ಇದು ಜಾಸ್ತಿ ಕೇಳುತ್ತೆ." ಅದಕ್ಕೆ ಕಾರಣವಿದೆ. ಬಿಳಿ ಪೇಂಟಿಗೆ ಮುಚ್ಚುವ ಶಕ್ತಿ ಕೊಡುವುದು ಟೈಟಾನಿಯಂ ಡೈಆಕ್ಸೈಡ್. ಗಾಢ ಬಣ್ಣ ಬೆರೆಸುವ ಬೇಸ್‌ನಲ್ಲಿ ಅದನ್ನು ಜಾಸ್ತಿ ಹಾಕಿದರೆ ಬಣ್ಣ ತಿಳಿಯಾಗಿಬಿಡುತ್ತದೆ, ಹಾಗಾಗಿ ಹಾಕುವುದೇ ಕಮ್ಮಿ. ಕೆಳಗೆ ಬೂದು ಪ್ರೈಮರ್ ಹೊಡೆಸಿದರೆ ಸ್ವಲ್ಪ ಉಳಿತಾಯ. ಇನ್ನು ಹೊಳಪಿನ ಫಿನಿಶ್ ತೆಗೆದುಕೊಂಡರೆ ಪುಟ್ಟಿಯ ಉಬ್ಬುತಗ್ಗೆಲ್ಲಾ ಎದ್ದು ಕಾಣುತ್ತದೆ. ಮ್ಯಾಟ್ ತೆಗೆದುಕೊಂಡರೆ ಅದು ಕಾಣುವುದಿಲ್ಲ, ಆದರೆ ಕೈ ತಾಗಿದ ಕಡೆ, ಒರೆಸಿದ ಕಡೆ ಮಿರುಗುವ ಗೆರೆ ಉಳಿಯುತ್ತದೆ. ನಾವು ತೆಗೆದುಕೊಂಡದ್ದು ಮ್ಯಾಟ್. ನಮ್ಮದು ತಲೆಗೆ ಕೊಬ್ಬರಿ ಎಣ್ಣೆ ಹಚ್ಚುವ ಮನೆ. ಸೋಫಾಕ್ಕೆ ಒರಗಿದವರ ತಲೆ ತಾಗಿದ ಕಡೆಯೆಲ್ಲಾ ದುಂಡನೆಯ ಗುರುತು! ಅಷ್ಟಕ್ಕೆ ಮಾತ್ರ ಟಚ್‌ಅಪ್ ಮಾಡಿಸಿದರೆ ತೇಪೆ ಬೇರೆಯಾಗಿಯೇ ಕಾಣುತ್ತದೆ. ಹಲ್ಲಿ ಹಿಕ್ಕೆಯ ಬಿಳಿ ಚುಕ್ಕೆ ಇಷ್ಟು ಸ್ಪಷ್ಟವಾಗಿ ಇನ್ನೆಲ್ಲೂ ಕಾಣದು. ಸೊಳ್ಳೆ ಕೂತರೆ ಮಾತ್ರ ಕಾಣುವುದೇ ಇಲ್ಲ.

ಇಷ್ಟಾದರೂ ಬಣ್ಣಕ್ಕೆ ಒಂದು ಹೊತ್ತಿದೆ, ಸಂಜೆ ಏಳರ ಮೇಲೆ. ಅದೂ ಟ್ಯೂಬ್‌ಲೈಟ್ ಆರಿಸಿದರೆ ಮಾತ್ರ. ನಮ್ಮ ಮನೆಗಳ ಟ್ಯೂಬ್‌ಲೈಟ್ ಬಹುಪಾಲು 6500 ಕೆಲ್ವಿನ್, ನೀಲಿ ಕಡೆಗೆ ವಾಲುವ ಬಿಳಿ. ಅದರ ಕೆಳಗೆ ಆ ಗೋಡೆ ಸಪ್ಪೆ. "ಏನಮ್ಮಾ ಇದು, ಸೌದೆ ಒಲೆ ಹಿಂದಿನ ಗೋಡೆ ಇದ್ದ ಹಾಗಿದೆಯಲ್ಲ" ಅಂದರು ಅತ್ತೆ. ಆಮೇಲೆ 2700 ಕೆಲ್ವಿನ್ನಿನ ಹಳದಿ ಬಲ್ಬು ಹಾಕಿ, ಸೋಫಾ ಪಕ್ಕ ನೆಲದ ಹತ್ತಿರ ಒಂದು ದೀಪ ಇಟ್ಟ ಮೇಲೆ ಅದೇ ಗೋಡೆಗೆ ಜೀವ ಬಂತು. ಅತ್ತೆ ಈಗಲೂ ಒಪ್ಪಿಲ್ಲ, ಆದರೆ ಸಂಜೆ ಕಾಫಿ ಕುಡಿಯುವುದು ಅಲ್ಲೇ ಕೂತು.

ಈಗ ಮರ. ತೀರ್ಥಹಳ್ಳಿ ಕಡೆಯ ನಮ್ಮ ಅಜ್ಜಿಮನೆಯಿಂದ ಒಂದು ಬೀಟೆ ಬೀರು ಬಂತು. ಲಿಫ್ಟಿಗೆ ಹಿಡಿಸಲಿಲ್ಲ, ಮೇಲಿನ ಕೆತ್ತನೆ ಪಟ್ಟಿ ಬಿಚ್ಚಿ ಮೆಟ್ಟಿಲ ಮೇಲೆ ಹೊತ್ತು ತಂದರು. ಬಂದಾಗ ಅದು ಬೀಟೆ ಅಂದರೆ ಯಾರೂ ನಂಬುತ್ತಿರಲಿಲ್ಲ. ಹಳೇ ಪಾಲಿಶ್ ಮೇಲೆ ಹೊಗೆ, ಎಣ್ಣೆ, ಧೂಳು ಕೂತು ಮುಟ್ಟಿದರೆ ಅಂಟುತ್ತಿತ್ತು. ಬಡಗಿ ಒಂದು ಬಟ್ಟೆಗೆ ಸ್ಪಿರಿಟ್ ಹಾಕಿ ಬಾಗಿಲಿನ ಮೂಲೆಯಲ್ಲಿ ಅಂಗೈಯಗಲ ತಿಕ್ಕಿದರು. ಕಂದು ಜಿಡ್ಡು ಬಟ್ಟೆಗೆ ಬಂತು, ಕೆಳಗೆ ನೇರಳೆ ಛಾಯೆಯ ಮರ, ಅದರ ಮೇಲೆ ಕಪ್ಪು ಗೆರೆಗಳು. ಹಳೇ ಪಾಲಿಶ್ ಅಂದರೆ ಸ್ಪಿರಿಟ್ಟಿನಲ್ಲಿ ಕರಗಿಸಿದ ಅರಗು, ಅದಕ್ಕೇ ಸ್ಪಿರಿಟ್ ತಾಗಿದರೆ ಬಿಟ್ಟುಕೊಳ್ಳುತ್ತದೆ. ಮತ್ತೆ ಅದೇ ಅರಗಿನ ಪಾಲಿಶಿನಲ್ಲೇ ಹತ್ತಿ ಅದ್ದಿ ತೆಳುವಾಗಿ ಹಚ್ಚಿದರು. ಬಿಸಿ ಲೋಟ ಇಟ್ಟರೆ ಬಿಳಿ ಉಂಗುರ ಬೀಳುತ್ತದೆ, ಅದೊಂದು ಎಚ್ಚರ ಸಾಕು.

ಪೇಂಟಿಗೂ ಮರಕ್ಕೂ ಇರುವ ವ್ಯತ್ಯಾಸ ಅಲ್ಲೇ ಗೊತ್ತಾಯಿತು. ಪೇಂಟ್ ದೂರದಿಂದ ನೋಡಿದರೂ ಅಷ್ಟೇ, ಹತ್ತಿರ ಹೋದರೂ ಅಷ್ಟೇ. ಬೀಟೆಯ ಕಪ್ಪಿನೊಳಗೆ ಕಂದು ಇದೆ, ನೇರಳೆ ಇದೆ, ಬೆಳಗ್ಗೆ ಕಿಟಕಿ ಬೆಳಕಿನಲ್ಲಿ ಕೆಂಪೂ ಕಾಣುತ್ತದೆ. ಹಾಗಾಗಿ ಸುಮ್ನೆ ಬಿಳಿ ಗೋಡೆಗೆ ಒರಗಿಸಿ ಇಟ್ಟರೂ ಎರಡಕ್ಕೂ ಜಗಳವಿಲ್ಲ. ಮಲೆನಾಡಿನ ತೊಟ್ಟಿ ಮನೆ ನೋಡಿದವರಿಗೆ ಇದು ಹೊಸದೇನೂ ಅಲ್ಲ. ಕಂಬ, ತೊಲೆ, ಬಾಗಿಲು ಎಲ್ಲಾ ಕಪ್ಪಗೆ. ಗೋಡೆಗೆ ಸುಣ್ಣ. ಬೆಳಕು ಬರುವುದು ನಡುವಿನ ತೊಟ್ಟಿಯಿಂದ. ಸೂರು ತಗ್ಗಾಗಿ ಇಳಿದಿರುತ್ತದೆ, ಜಗಲಿಯ ಒಳಭಾಗ ಹಗಲಲ್ಲೂ ಮಬ್ಬು. ಕಪ್ಪೆಲ್ಲಾ ಮರದಲ್ಲಿ, ಗೋಡೆ ಖಾಲಿ. ಫ್ಲಾಟಿನಲ್ಲಿ ತೊಟ್ಟಿ ತರಲಾಗದು, ಆ ಪ್ರಮಾಣವನ್ನಾದರೂ ತರಬಹುದು. ನಾನು ಒಂದು ಕೋಣೆಗೆ ಒಂದೇ ದೊಡ್ಡ ಕಪ್ಪು ಸಾಮಾನು ಇಟ್ಟಿದ್ದೇನೆ. ಸುತ್ತ ಗೋಡೆ ಕಾಣುವಷ್ಟು ಜಾಗ ಬಿಟ್ಟಿದ್ದೇನೆ. ಕಾಲಿರುವ ಸಾಮಾನಾದರೆ ಅಡಿಯಲ್ಲಿ ನೆಲ ಕಾಣುತ್ತದೆ, ಭಾರ ಅನ್ನಿಸುವುದಿಲ್ಲ. ಅದೇ ಕೋಣೆಗೆ ಕಪ್ಪು ಮೇಜು, ಕಪ್ಪು ಕುರ್ಚಿಗಳೂ ಬಂದರೆ ಆರಾಮ ಹೋಗಿಬಿಡುತ್ತದೆ, ನೆಂಟರು ಮೆಲ್ಲಗೆ ಮಾತಾಡಲು ಶುರು ಮಾಡುತ್ತಾರೆ.

ಮರದ ತೊಂದರೆ ದುಡ್ಡು ಮತ್ತು ತೂಕ. ಅಜ್ಜಿಮನೆಯಿಂದ ಬಾರದಿದ್ದರೆ ಹಳೇ ಬೀಟೆ ಕೊಳ್ಳುವುದು ಸುಲಭವಲ್ಲ. ಕಪ್ಪಗೆ ಪಾಲಿಶ್ ಮಾಡಿಸಿದ ಹಳೇ ತೇಗವೂ ನಡೆಯುತ್ತದೆ. ಮರದ ಚಿತ್ರ ಅಂಟಿಸಿದ ಕಪ್ಪು ಲ್ಯಾಮಿನೇಟ್ ಮಾತ್ರ ಬೇಡ ಅಂತೀನಿ. ಅದು ಪೇಂಟಿನ ಕಷ್ಟವನ್ನೇ ಇನ್ನೊಂದು ರೂಪದಲ್ಲಿ ತರುತ್ತದೆ.

ಬಟ್ಟೆ ಎಲ್ಲಕ್ಕಿಂತ ಅಗ್ಗ. ಮಲಗುವ ಕೋಣೆಗೆ ಕಡು ಹಸಿರು ಪರದೆ ಹಾಕಿದೆವು. ವೆಲ್ವೆಟ್ ಬೇಡ ಅಂತ ಕೈಮಗ್ಗದ ದಪ್ಪ ಹತ್ತಿ ತೆಗೆದುಕೊಂಡೆವು, ರಸ್ತೆ ಧೂಳಿಗೆ ತಿಂಗಳಿಗೊಮ್ಮೆ ಒಗೆಯಲೇಬೇಕು. ಪಡುವಣ ಬಿಸಿಲಿಗೆ ಮಡಿಕೆಯ ಉಬ್ಬಿನಲ್ಲಿ ಮಾತ್ರ ಬಣ್ಣ ಹೋಗಿ ಪಟ್ಟೆ ಪಟ್ಟೆ ಆಗಿದೆ. ನೆಲಕ್ಕೆ ಚಳ್ಳಕೆರೆ ಕಡೆಯ ಕರಿ ಕಂಬಳಿ. ಅದರ ಕಪ್ಪು ಕುರಿಯದ್ದೇ, ಬಣ್ಣ ಅದ್ದಿದ್ದಲ್ಲ. ಹುಣಸೆ ಬೀಜದ ಗಂಜಿ ಹಾಕಿರುವುದರಿಂದ ಬಿರುಸಾಗಿ, ನೆಲಕ್ಕೆ ಚಪ್ಪಟೆಯಾಗಿ ಕೂರುತ್ತದೆ. ಹೊಳೆಯುವ ಕ್ರೀಮ್ ಟೈಲ್ಸನ್ನು ಅಡಗಿಸಲು ಇದಕ್ಕಿಂತ ಒಳ್ಳೆಯದು ನನಗೆ ಸಿಕ್ಕಿಲ್ಲ. ಸೋಫಾ ಮೇಲೆ ಹೊದಿಸಬೇಡಿ, ಚುಚ್ಚುತ್ತದೆ. ಮಳೆಗಾಲದಲ್ಲಿ ಹುಳ ಬೀಳದಂತೆ ಬಿಸಿಲು ಬಂದಾಗೆಲ್ಲಾ ಒಣಹಾಕಬೇಕು. ಕಪ್ಪು ಜಾಸ್ತಿಯಾಯಿತು ಅನ್ನಿಸಿದ ದಿನ ಸುತ್ತಿಟ್ಟು ನವಲಗುಂದದ ಜಮಖಾನ ಹಾಸುತ್ತೇನೆ, ಅರ್ಧ ಗಂಟೆಯಲ್ಲಿ ಕೋಣೆ ಬೇರೆಯೇ ಆಗುತ್ತದೆ. ಈ ಸಲೀಸು ಬಣ್ಣಕ್ಕೂ ಇಲ್ಲ, ಮರಕ್ಕೂ ಇಲ್ಲ. (ಬೀದರಿನ ಬಿದ್ರಿ ಹೂದಾನಿಯೂ ಒಂದಿದೆ. ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ, ಬೀದರ್ ಕೋಟೆಯ ಮಣ್ಣಿನಿಂದ ಕಪ್ಪು ತರಿಸಿ ಮಾಡುವುದು, ಬೆಳ್ಳಿ ಗೆರೆ ಮಾತ್ರ ಬೆಳ್ಳಗೇ ಉಳಿಯುತ್ತದೆ. ಕೋಣೆ ಬದಲಾಯಿಸುವಷ್ಟು ದೊಡ್ಡದಲ್ಲ, ಆದರೆ ಬಿಳಿ ಗೋಡೆ ಎದುರು ಚೆಂದ.)

ಹಗಲೆಲ್ಲಾ ಮನೆಯಲ್ಲೇ ಇರುವವರು, ಮನೆಯಿಂದಲೇ ಕೆಲಸ ಮಾಡುವವರು ಗೋಡೆಗೆ ಕಪ್ಪು ಹೊಡೆಸುವ ಮುಂಚೆ ಇನ್ನೊಮ್ಮೆ ಯೋಚಿಸಿ. ಸಂಜೆ ಮಾತ್ರ ಕೂರುವ ಕೋಣೆಯಾದರೆ ಧೈರ್ಯ ಮಾಡಬಹುದು. ಮೊದಲು ದೊಡ್ಡ ರಟ್ಟಿಗೆ ಆ ಬಣ್ಣ ಬಳಿದು, ಬೆಳಗ್ಗೆಯೂ ನೋಡಿ, ರಾತ್ರಿ ಟ್ಯೂಬ್‌ಲೈಟ್ ಹಾಕಿಯೂ ನೋಡಿ. ಬಾಡಿಗೆ ಮನೆಯವರಿಗೆ ಬಟ್ಟೆಯೇ ಸರಿ. ಖಾಲಿ ಮಾಡುವಾಗ ಇದ್ದಿಲು ಬಣ್ಣದ ಮೇಲೆ ಮತ್ತೆ ಬಿಳಿ ತರಿಸಲು ಎಷ್ಟು ಕೋಟ್ ಬೇಕಾಯಿತು ಅನ್ನುವ ಲೆಕ್ಕ ಓನರ್ ನಿಮ್ಮ ಅಡ್ವಾನ್ಸಿನಲ್ಲೇ ಹಿಡಿಯುತ್ತಾರೆ.