ಗ್ಯಾಸ್ ಡಬ್ಬಿ ಸಿಗದ ಬೆಟ್ಟಗಳಿಗೆ ಎಂಎಸ್‌ಆರ್ ವಿಸ್ಪರ್‌ಲೈಟ್ ಇಂಟರ್‌ನ್ಯಾಷನಲ್ ಸ್ಟೌ

ಜನವಸತಿಯೇ ಇಲ್ಲದ ಬೆಟ್ಟಸಾಲಿನಲ್ಲಿ ಹಲವು ದಿನ ನಡೆಯಲು ಹೊರಟವರು ಶೂ, ಟೆಂಟ್, ಸ್ಲೀಪಿಂಗ್ ಬ್ಯಾಗ್ ಬಗ್ಗೆ ಸಾಕಷ್ಟು ತಲೆಕೆಡಿಸಿಕೊಳ್ಳುತ್ತಾರೆ. ಸ್ಟೌ ಮಾತ್ರ ಕೈಗೆ ಸಿಕ್ಕಿದ್ದು ಸಾಕು ಎಂದುಕೊಳ್ಳುತ್ತಾರೆ. ಹಿಮ ಕರಗಿಸಿಯೇ ನೀರು ಕುಡಿಯಬೇಕಾದ ಎತ್ತರದಲ್ಲಿ ಸ್ಟೌ ಕೈಕೊಟ್ಟರೆ ಊಟವೂ ಇಲ್ಲ, ನೀರೂ ಇಲ್ಲ. ಅಂಥ ಜಾಗಕ್ಕೆ ಇವತ್ತಿಗೂ ಕಣ್ಣುಮುಚ್ಚಿ ಶಿಫಾರಸು ಮಾಡಬಹುದಾದದ್ದು ಅಮೆರಿಕದ ಎಂಎಸ್‌ಆರ್ ಕಂಪನಿ 1984ರಲ್ಲಿ ಮಾರುಕಟ್ಟೆಗೆ ತಂದ ವಿಸ್ಪರ್‌ಲೈಟ್ ಸ್ಟೌವಿನ ಇಂಟರ್‌ನ್ಯಾಷನಲ್ ಮಾದರಿ. ಬಳಸುವ ಕೈ ಪಳಗಿರಬೇಕು, ಅದೊಂದೇ ಷರತ್ತು.

ಮೊದಲು ಇಂಧನದ ವಿಚಾರ. ತಿರುಪು ಹಾಕಿ ಕೂರಿಸುವ ಗ್ಯಾಸ್ ಡಬ್ಬಿಯ ಸ್ಟೌ ಹಗುರ, ಸಲೀಸು. ಆದರೆ ಆ ಡಬ್ಬಿಗಳನ್ನು ವಿಮಾನದಲ್ಲಿ ಒಯ್ಯುವಂತಿಲ್ಲ, ಪ್ರವಾಸಿಗರು ಕಾಲಿಡದ ಊರುಗಳ ಅಂಗಡಿಯಲ್ಲಿ ಅವು ಸಿಗುವುದೂ ಇಲ್ಲ. ಚಳಿಯ ತೊಂದರೆ ಬೇರೆ: ಬ್ಯೂಟೇನ್ ಮೈನಸ್ 0.5 ಡಿಗ್ರಿಯಲ್ಲಿ, ಐಸೊಬ್ಯೂಟೇನ್ ಸುಮಾರು ಮೈನಸ್ 12 ಡಿಗ್ರಿಯಲ್ಲಿ ಆವಿಯಾಗುವುದನ್ನು ನಿಲ್ಲಿಸುತ್ತವೆ. ಉರಿಯುತ್ತಿರುವಾಗ ಡಬ್ಬಿ ತಾನೂ ತಣ್ಣಗಾಗುತ್ತಾ ಹೋಗುವುದರಿಂದ, ಒಳಗೆ ಗ್ಯಾಸ್ ಇದ್ದರೂ ಜ್ವಾಲೆ ಸೊರಗುತ್ತದೆ. ಇಂಟರ್‌ನ್ಯಾಷನಲ್ ಮಾದರಿಗೆ ಈ ಹಂಗಿಲ್ಲ. ವೈಟ್ ಗ್ಯಾಸ್ ಎಂದು ಮಾರುವ ಶುದ್ಧ ನಾಫ್ತಾ (ಪೆಟ್ರೋಲಿನಂಥ ಹಗುರ ದ್ರವ ಇಂಧನ), ಸೀಮೆಎಣ್ಣೆ, ಸೀಸವಿಲ್ಲದ ಪೆಟ್ರೋಲ್, ಮೂರರಲ್ಲೂ ಉರಿಯುತ್ತದೆ. ಒತ್ತಡವನ್ನು ನಾವೇ ಪಂಪ್ ಹೊಡೆದು ತುಂಬುವುದರಿಂದ ಕೊರೆಯುವ ಚಳಿಯಲ್ಲೂ ಜ್ವಾಲೆಯ ಕಸುವು ತಗ್ಗುವುದಿಲ್ಲ.

ಪೆಟ್ಟಿಗೆಯಲ್ಲಿ ಎರಡು ಜೆಟ್, ಅಂದರೆ ಇಂಧನದ ಆವಿ ಚಿಮ್ಮುವ ಸಣ್ಣ ತೂತಿನ ಬಿಡಿಭಾಗ, ಬರುತ್ತವೆ. ಒಂದು ವೈಟ್ ಗ್ಯಾಸ್ ಮತ್ತು ಪೆಟ್ರೋಲಿಗೆ, ಇನ್ನೊಂದು ಸೀಮೆಎಣ್ಣೆಗೆ. ಜೆಟ್ ಬದಲಿಸದೆ ಸೀಮೆಎಣ್ಣೆ ಹಾಕಿದರೆ ಹಳದಿ ಜ್ವಾಲೆ ಎದ್ದು ಪಾತ್ರೆಗೆ ಮಸಿ ಹಿಡಿಯುತ್ತದೆ. ಇದನ್ನು ಹೊರಡುವ ಮುನ್ನ ಮನೆಯಲ್ಲೇ ಮಾಡಿ ಮುಗಿಸಿ; ಕಡಲೆಕಾಳಿಗಿಂತ ಚಿಕ್ಕದಾದ ಜೆಟ್ ಕಲ್ಲುಗಳ ನಡುವೆ ಬಿದ್ದರೆ ಮತ್ತೆ ಸಿಗುವುದಿಲ್ಲ.

ಹಚ್ಚುವ ಕ್ರಮವೇ ಈ ಸ್ಟೌವಿನ ಮರ್ಮ. ಇಂಧನದ ಬಾಟಲಿ ಬೇರೆಯೇ ಇರುತ್ತದೆ; ಅದರ ಬಾಯಿಗೆ ಪಂಪ್, ಪಂಪಿನಿಂದ ಬರ್ನರಿಗೆ ಕೊಳವೆ. ಬಾಟಲಿಯನ್ನು ಗೆರೆಯವರೆಗೆ ಮಾತ್ರ ತುಂಬಿ, ಸುಮಾರು 20 ಸಲ ಪಂಪ್ ಹೊಡೆಯಿರಿ. ಬಾಟಲಿ ಅರ್ಧ ಖಾಲಿಯಿದ್ದರೆ ಇನ್ನಷ್ಟು ಬೇಕು, ಏಕೆಂದರೆ ತುಂಬಬೇಕಾದ ಗಾಳಿಯ ಜಾಗ ದೊಡ್ಡದು. ವಾಲ್ವ್ ತುಸು ತೆರೆದು ಬರ್ನರ್ ಕೆಳಗಿನ ಬಟ್ಟಲಿಗೆ ಅರ್ಧ ಚಮಚದಷ್ಟು ಇಂಧನ ಇಳಿಸಿ, ವಾಲ್ವ್ ಮುಚ್ಚಿ, ಬೆಂಕಿ ಕೊಡಿ. ಜ್ವಾಲೆ ಬರ್ನರಿನ ಮೇಲೆ ಹಾದುಹೋಗುವ ಕೊಳವೆಯನ್ನು ಕಾಯಿಸಬೇಕು. ಇಂಧನ ಆವಿಯಾಗುವುದು ಅಲ್ಲೇ. ಬೆಂಕಿ ಇನ್ನೇನು ಆರಬೇಕು ಎನ್ನುವಾಗ ವಾಲ್ವ್ ನಿಧಾನವಾಗಿ ತೆರೆದರೆ ನೀಲಿ ಜ್ವಾಲೆ ಭೋರೆಂದು ಹತ್ತುತ್ತದೆ. ಅವಸರಪಟ್ಟು ಕೊಳವೆ ಕಾಯುವ ಮೊದಲೇ ತೆರೆದರೆ ಹಸಿ ಇಂಧನ ಚಿಮ್ಮಿ ಜ್ವಾಲೆ ಮೊಳಕಾಲೆತ್ತರ ಏಳುತ್ತದೆ. ಇದನ್ನು ಟೆಂಟಿನೊಳಗೆ ಹಚ್ಚಲೇಬಾರದು ಎನ್ನಲು ಇಷ್ಟೇ ಸಾಕು; ಮುಚ್ಚಿದ ಟೆಂಟಿನಲ್ಲಿ ತುಂಬಿಕೊಳ್ಳುವ ಕಾರ್ಬನ್ ಮಾನಾಕ್ಸೈಡ್ ವಾಸನೆಯನ್ನೂ ಕೊಡದೆ ಜೀವ ತೆಗೆಯುತ್ತದೆ. ಸೀಮೆಎಣ್ಣೆಯಾದರೆ ಕಾಯಿಸುವುದಕ್ಕೆ ಇನ್ನೂ ತಾಳ್ಮೆ ಬೇಕು. 100 ಮಿ.ಲೀ. ಸ್ಪಿರಿಟ್ ಜೊತೆಗಿಟ್ಟುಕೊಂಡು ಅದರಲ್ಲೇ ಕಾಯಿಸಿದರೆ ಮಸಿ ಬಹಳ ಕಡಿಮೆ.

ಬಿಟ್ಟುಬಿಟ್ಟು ಉರಿಯುವುದು ಅಥವಾ ಜ್ವಾಲೆ ಕ್ಷೀಣಿಸುವುದು ಸಾಮಾನ್ಯ ದೂರು. ಹೆಚ್ಚಾಗಿ ಕಾರಣ ಎರಡು: ಜೆಟ್ಟಿನ ತೂತಿನಲ್ಲಿ ಕಸ, ಇಲ್ಲವೇ ಕೊಳವೆಯೊಳಗೆ ಕರಿ. ಮೊದಲನೆಯದಕ್ಕೆ ಹಳೆಯ ಪಂಪ್ ಸ್ಟೌವಿನಂತೆ ಪಿನ್ ಹುಡುಕಬೇಕಿಲ್ಲ. ಜೆಟ್ಟಿನೊಳಗೆ ಸೂಜಿ ಇರುವ ಪುಟ್ಟ ತೂಕವೊಂದಿದೆ. ಸ್ಟೌ ಆರಿಸಿ, ತಣ್ಣಗಾದ ಮೇಲೆ ಮೇಲೆ ಕೆಳಗೆ ಅಲುಗಾಡಿಸಿದರೆ ಟಕಟಕ ಸದ್ದಾಗುತ್ತಾ ಸೂಜಿ ತೂತನ್ನು ತಾನೇ ಬಿಡಿಸುತ್ತದೆ. ಎರಡನೆಯದಕ್ಕೆ ಕೊಳವೆಯೊಳಗಿನ ತಂತಿಯನ್ನು ಜೊತೆಗೆ ಬರುವ ಸಲಕರಣೆಯಿಂದ ಹಿಡಿದೆಳೆದು, ಹತ್ತಿಪ್ಪತ್ತು ಸಲ ಒಳಗೆ ಹೊರಗೆ ಆಡಿಸಿ, ತಂತಿಯನ್ನು ಒರೆಸಬೇಕು. ಆಮೇಲೆ ಜೆಟ್ ಬಿಚ್ಚಿಟ್ಟು ಸ್ವಲ್ಪ ಇಂಧನ ಹರಿಯಬಿಟ್ಟರೆ ಒಳಗಿನ ಕರಿ ಹೊರಬೀಳುತ್ತದೆ. ಪೂರ್ತಿ ಬಿಚ್ಚಿ ಜೋಡಿಸುವ ಈ ಅವಕಾಶಕ್ಕಾಗಿಯೇ ಸ್ಟೌವನ್ನು ಇಷ್ಟು ಮೆಚ್ಚಬೇಕು. ಬೆಟ್ಟದ ಮೇಲೆ ರಿಪೇರಿಯಾಗದ ಸ್ಟೌ ಎಷ್ಟು ಹಗುರವಾಗಿದ್ದರೇನು?

ದುರ್ಬಲ ಭಾಗ ಪಂಪ್. ಅದರ ಮೈ ಪ್ಲಾಸ್ಟಿಕ್, ಬ್ಯಾಗಿನಲ್ಲಿ ಭಾರದ ವಸ್ತುಗಳ ಕೆಳಗೆ ಹಾಕಬಾರದು. ಪಂಪ್ ಹೊಡೆದಾಗ ಕೈಗೆ ಒತ್ತಡವೇ ಸಿಗದಿದ್ದರೆ ಒಳಗಿನ ವಾಷರ್ ಒಣಗಿದೆ ಎಂದರ್ಥ. ಹೊರತೆಗೆದು ಒಂದೆರಡು ಹನಿ ಎಣ್ಣೆ ಸವರಿ, ಅಂಚನ್ನು ಬೆರಳಿನಿಂದ ಅಗಲಿಸಿ ಕೂರಿಸಿ. ಕೊಳವೆ ಪಂಪಿಗೆ ಸೇರುವ ಕಡೆ ಒದ್ದೆ ಕಂಡರೆ ರಬ್ಬರ್ ರಿಂಗ್ ಬದಲಿಸದೆ ಹಚ್ಚಬೇಡಿ. ರಿಂಗ್‌ಗಳಿರುವ ರಿಪೇರಿ ಕಿಟ್ ಇಲ್ಲದೆ ಹೊರಡಲೇಬಾರದು. ವಾರಕ್ಕಿಂತ ಉದ್ದದ ಚಾರಣವಾದರೆ ಇನ್ನೊಂದು ಪಂಪ್ ಕೂಡ ಇರಲಿ.

ಇಂಧನದ ಲೆಕ್ಕ: ಹರಿಯುವ ನೀರು ಸಿಗುವ ಕಡೆ ತಲೆಗೆ ದಿನಕ್ಕೆ 120 ಮಿ.ಲೀ., ಹಿಮ ಕರಗಿಸಬೇಕಾದರೆ 240 ಮಿ.ಲೀ. ಶೂನ್ಯ ಡಿಗ್ರಿಯ ಒಂದು ಕೆ.ಜಿ. ಹಿಮ ನೀರಾಗಲು ಬೇಕಾದ ಶಾಖ, ಅದೇ ನೀರು 80 ಡಿಗ್ರಿಗೆ ಕಾಯಲು ಬೇಕಾದಷ್ಟೇ ಇದೆ; ದುಪ್ಪಟ್ಟು ಖರ್ಚಿಗೆ ಇದೇ ಕಾರಣ. ಇಬ್ಬರು ಏಳು ದಿನ ಹರಿಯುವ ನೀರಿನ ದಾರಿಯಲ್ಲಿ ನಡೆದರೆ 1,680 ಮಿ.ಲೀ. ಬೇಕು. ಬಾಟಲಿಯನ್ನು ಗೆರೆಯವರೆಗಷ್ಟೇ ತುಂಬುವುದರಿಂದ 887 ಮಿ.ಲೀ.ನ ಎರಡು ಬಾಟಲಿಗಳ ಜೊತೆ 325ರದ್ದೊಂದು ಇಟ್ಟುಕೊಳ್ಳಿ. ಹಿಮ ಕರಗಿಸುವಾಗ ಪಾತ್ರೆಯ ತಳದಲ್ಲಿ ಮೊದಲು ಒಂದು ಲೋಟ ನೀರಿರಲಿ, ಇಲ್ಲದಿದ್ದರೆ ತಳ ಸೀದು ನೀರಿಗೆ ಕಮಟು ಹತ್ತುತ್ತದೆ. ಪೆಟ್ಟಿಗೆಯಲ್ಲಿ ಬರುವ ಗಾಳಿತಡೆಯನ್ನು ಪಾತ್ರೆಯ ಸುತ್ತ ನಿಲ್ಲಿಸಿದರೆ ಇಂಧನ ಗಮನಾರ್ಹವಾಗಿ ಉಳಿಯುತ್ತದೆ, ಆದರೆ ಬಾಟಲಿ ಯಾವಾಗಲೂ ತಡೆಯ ಹೊರಗಿರಬೇಕು.

ಸಣ್ಣ ಉರಿ ಇದರಿಂದ ಆಗದ ಕೆಲಸ. ವಾಲ್ವ್ ಬಾಟಲಿಯ ಬಳಿ, ಬರ್ನರ್ ಕೊಳವೆಯ ಆ ತುದಿಯಲ್ಲಿ; ತಿರುಗಿಸಿದ ಪರಿಣಾಮ ಕಾಣಲು ಹಲವು ಕ್ಷಣ ಹಿಡಿಯುತ್ತದೆ. ಒತ್ತಡ ಕಡಿಮೆ ಇಟ್ಟರೆ ಒಂದಿಷ್ಟು ಹಿಡಿತ ಬರುತ್ತದೆ, ಅಷ್ಟೇ. 4,500 ಮೀಟರ್ ಎತ್ತರದಲ್ಲಿ ನೀರು ಸುಮಾರು 85 ಡಿಗ್ರಿಗೇ ಕುದಿಯುವುದರಿಂದ ಅಲ್ಲಿ ಕಾಳು ಬೇಯಿಸುವ ಯೋಜನೆಯೇ ಬೇಡ. ಬಿಸಿನೀರು ಸುರಿದರೆ ಸಾಕಾಗುವ ಆಹಾರ ಒಯ್ಯಿರಿ, ಈ ಸ್ಟೌ ಅದಕ್ಕೆ ಹೇಳಿಮಾಡಿಸಿದಂತಿದೆ. ಬಾಟಲಿ ಬಿಟ್ಟು ತೂಕ ಸುಮಾರು 310 ಗ್ರಾಂ, ಗಾಳಿತಡೆ ಮತ್ತು ಕಿಟ್ ಸೇರಿದರೆ 400 ದಾಟುತ್ತದೆ. ಎರಡು ಮೂರು ದಿನದ, ಚಳಿಯಿಲ್ಲದ ನಡಿಗೆಗೆ ಗ್ಯಾಸ್ ಸ್ಟೌವೇ ಸರಿ, ಇದನ್ನು ಕೊಳ್ಳಬೇಡಿ.

ವಿಮಾನ ಹತ್ತುವವರು ಸ್ಟೌ ಮತ್ತು ಬಾಟಲಿಯಿಂದ ಇಂಧನವನ್ನು ಪೂರ್ತಿ ಬಸಿದು, ಸೋಪಿನ ನೀರಿನಿಂದ ತೊಳೆದು, ಬಾಟಲಿಯ ಬಾಯಿ ತೆರೆದಿಟ್ಟು ವಾಸನೆ ಹೋಗುವವರೆಗೆ ಒಣಗಿಸಬೇಕು. ಬಳಸಿದ ಸ್ಟೌವಿಗೆ ಸಂಸ್ಥೆಯ ಒಪ್ಪಿಗೆ ಬೇಕಾಗುತ್ತದೆ, ಟಿಕೆಟ್ ಮಾಡುವಾಗಲೇ ಕೇಳಿಕೊಳ್ಳಿ.