ಮೂರು ವರ್ಷ ಟ್ಯೂಬ್ ಬಗ್ಗಿಸಿದ ಮೇಲೆ ನನ್ನ ಬೆಂಡರ್ ಬಗ್ಗೆ ನಾಲ್ಕು ಮಾತು

ಮನೆಯಲ್ಲೇ ವೆಲ್ಡಿಂಗ್ ಮಾಡುವವರಿಗೆ ಒಂದಲ್ಲ ಒಂದು ದಿನ ಟ್ಯೂಬ್ ಬಗ್ಗಿಸುವ ಆಸೆ ಬಂದೇ ಬರುತ್ತದೆ. ನಾನೂ ಮೊದಲೆಲ್ಲ ಮೂಲೆಗಳನ್ನು 45 ಡಿಗ್ರಿಗೆ ಕತ್ತರಿಸಿ, ಜೋಡಿಸಿ, ವೆಲ್ಡ್ ಮಾಡಿ, ಗ್ರೈಂಡರ್ ಹಿಡಿದು ನುಣುಪು ಮಾಡುತ್ತಿದ್ದೆ. ಎಷ್ಟೇ ಚೆನ್ನಾಗಿ ಮಾಡಿದರೂ ಕುರ್ಚಿಯ ಕಾಲಿಗೆ, ತಳ್ಳುಗಾಡಿಯ ಹಿಡಿಗೆ ಬಾಗಿದ ಟ್ಯೂಬಿನ ಅಂದ ಬರಲಿಲ್ಲ. ಈಗ ಮೂರು ವರ್ಷದಿಂದ ಕೈಯಲ್ಲಿ ಎಳೆಯುವ ಬೆಂಡರ್ ಒಂದನ್ನು ಬಳಸುತ್ತಿದ್ದೇನೆ. ಕೊಳ್ಳುವ ಮುಂಚೆ ನನಗೆ ಯಾರಾದರೂ ಹೇಳಿದ್ದರೆ ಚೆನ್ನಾಗಿತ್ತು ಅನ್ನಿಸಿದ್ದನ್ನೆಲ್ಲ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ನನ್ನ ತಪ್ಪು. ನಾನು ಮೊದಲು ತಂದದ್ದು ಹೈಡ್ರಾಲಿಕ್ ಜಾಕ್ ಇರುವ ಪೈಪ್ ಬೆಂಡರ್. ಎರಡು ರೋಲರ್ ಮಧ್ಯೆ ಪೈಪ್ ಇಟ್ಟು, ನಡುವಿನಿಂದ ಜಾಕ್ ತಳ್ಳುವ ಬಗೆಯದು. ನೋಡಲು ಗಟ್ಟಿಮುಟ್ಟಾಗಿತ್ತು, ಹನ್ನೆರಡು ಟನ್ ಎಂದು ಬರೆದಿತ್ತು. ಆದರೆ ಅದು ಇರುವುದು ದಪ್ಪ ಗೋಡೆಯ ನೀರಿನ ಪೈಪಿಗೆ. ನಾನು 25.4 ಮಿಮೀ ಅಗಲದ, 1.6 ಮಿಮೀ ದಪ್ಪದ ಟ್ಯೂಬ್ ಇಟ್ಟೆ. ಮೂವತ್ತು ಡಿಗ್ರಿ ದಾಟುವ ಮೊದಲೇ ಒಳಮಗ್ಗುಲು ಸುಕ್ಕಾಗಿ, ಹೊರಮಗ್ಗುಲು ಚಪ್ಪಟೆಯಾಗಿ, ಟಕ್ ಅಂತ ಮಡಚಿಕೊಂಡಿತು. ಮೂರು ಟ್ಯೂಬ್ ಹಾಳಾದ ಮೇಲೆ ಗೊತ್ತಾಯಿತು, ದೋಷ ನನ್ನ ಕೈಯದ್ದಲ್ಲ. ಜಾಕ್ ಒಂದೇ ಕಡೆ ಒತ್ತುತ್ತದೆ, ಹೊರಗಿನಿಂದ ಟ್ಯೂಬಿಗೆ ಆಸರೆಯೇ ಇಲ್ಲ.

ಈಗಿರುವುದು ಎಳೆದು ಬಗ್ಗಿಸುವ ಬಗೆ, ರೋಟರಿ ಡ್ರಾ ಅನ್ನುತ್ತಾರಲ್ಲ, ಅದು. ಟ್ಯೂಬಿನ ಅಳತೆಗೆ ಸರಿಯಾಗಿ ಅಂಚಿನಲ್ಲಿ ತೋಡು ಕೊರೆದ ಡೈ, ಅಂದರೆ ದುಂಡನೆಯ ಅಚ್ಚು ಇರುತ್ತದೆ. ಟ್ಯೂಬಿನ ತುದಿಯನ್ನು ಡೈಗೆ ಬಿಗಿದು ಹಿಡಿಕೆ ಎಳೆದರೆ, ಡೈ ತಿರುಗುತ್ತಾ ಟ್ಯೂಬನ್ನು ತನ್ನ ಸುತ್ತ ಸುತ್ತಿಕೊಳ್ಳುತ್ತದೆ. ಎದುರುಗಡೆಯಿಂದ ಫಾಲೋವರ್ ಬ್ಲಾಕ್ ಟ್ಯೂಬನ್ನು ತೋಡಿನೊಳಗೇ ಒತ್ತಿ ಹಿಡಿದಿರುತ್ತದೆ. ಎಲ್ಲ ಕಡೆ ಆಸರೆ ಇರುವುದರಿಂದ ತೆಳು ಟ್ಯೂಬೂ ಗುಂಡಗೇ ಉಳಿಯುತ್ತದೆ.

ಕೊಳ್ಳುವಾಗ ಎಲ್ಲರ ಕಣ್ಣೂ ಮಷೀನಿನ ಮೇಲೆ ಇರುತ್ತದೆ. ನಿಜವಾಗಿ ಆರಿಸಬೇಕಾದದ್ದು ಡೈ. ನೀವು ಹೆಚ್ಚಾಗಿ ಯಾವ ಟ್ಯೂಬ್ ಬಳಸುತ್ತೀರಿ ಅಂತ ಮೊದಲು ತೀರ್ಮಾನಿಸಿ, ಅದಕ್ಕೆ ಡೈ ಹುಡುಕಿ, ಆ ಡೈ ಕೂರುವ ಚೌಕಟ್ಟನ್ನು ಕೊನೆಗೆ ನೋಡಿ. ಒಂದೊಂದು ಅಳತೆಗೂ ಬೇರೆ ಡೈ ಬೇಕು. ಎರಡು ಮೂರು ಡೈ ಕೊಳ್ಳುವಷ್ಟರಲ್ಲಿ ಚೌಕಟ್ಟಿಗಿಂತ ಅವುಗಳ ಖರ್ಚೇ ಜಾಸ್ತಿ ಆಗಿಬಿಡಬಹುದು.

ಇಲ್ಲೊಂದು ದೊಡ್ಡ ಗೊಂದಲ ಇದೆ. ಪೈಪ್ ಬೇರೆ, ಟ್ಯೂಬ್ ಬೇರೆ. ಟ್ಯೂಬನ್ನು ಹೊರಗಿನ ಅಳತೆಯಿಂದ ಕರೆಯುತ್ತಾರೆ. 1 ಇಂಚಿನ ಟ್ಯೂಬ್ ಅಂದರೆ ಹೊರಗೆ 25.4 ಮಿಮೀ, ಅಷ್ಟೇ. ಪೈಪಿನ ಹೆಸರು ಹಳೆಯ ಲೆಕ್ಕದ್ದು. 1 ಇಂಚಿನ ಪೈಪ್ ಹೊರಗಿನಿಂದ 33.4 ಮಿಮೀ ಇರುತ್ತದೆ, ಅರ್ಧ ಇಂಚಿನದು 21.3 ಮಿಮೀ. ಹೆಸರು ನೋಡಿ ಡೈ ತರಿಸಿದರೆ ಟ್ಯೂಬ್ ಅದರಲ್ಲಿ ಲೊಡಲೊಡ ಅನ್ನುತ್ತದೆ. 25 ಮಿಮೀ ಟ್ಯೂಬನ್ನು 25.4ರ ಡೈಯಲ್ಲಿ ಇಟ್ಟರೂ ಸಾಕು, ಬಾಗಿದ ಕಡೆ ಮೊಟ್ಟೆಯಾಕಾರ ಆಗುವುದು ಕಣ್ಣಿಗೆ ಕಾಣುತ್ತದೆ. ವರ್ನಿಯರ್ ಹಿಡಿದು ಅಳೆದ ಮೇಲೇ ಡೈ ತರಿಸಿ.

ಬಾಗಿನ ರೇಡಿಯಸ್ ವಿಚಾರದಲ್ಲಿ ನನ್ನ ಸಲಹೆ, ತೀರಾ ಬಿಗಿಯಾದ ಬಾಗಿಗೆ ಆಸೆ ಪಡಬೇಡಿ. ಟ್ಯೂಬಿನ ನಡುಗೆರೆಯಲ್ಲಿ ಅಳೆದ ರೇಡಿಯಸ್ ಟ್ಯೂಬಿನ ಅಗಲದ ಮೂರು ಪಟ್ಟಾದರೂ ಇರಲಿ. ನನ್ನದು 25.4 ಮಿಮೀ ಟ್ಯೂಬಿಗೆ 100 ಮಿಮೀ, ಅಂದರೆ ಸುಮಾರು ನಾಲ್ಕು ಪಟ್ಟು. 2 ಮಿಮೀ ದಪ್ಪದ ಟ್ಯೂಬಿನಲ್ಲಿ ಇವತ್ತಿನವರೆಗೆ ಒಂದೂ ಸುಕ್ಕು ಬಂದಿಲ್ಲ. ಇನ್ನೂ ಬಿಗಿಯಾದ ಬಾಗು ಬೇಕೆಂದರೆ ಟ್ಯೂಬಿನ ಒಳಗೆ ಮ್ಯಾಂಡ್ರೆಲ್, ಅಂದರೆ ಒಳಗಿನಿಂದ ಆಸರೆ ಕೊಡುವ ಸಲಾಕೆ ಇಡುವ ಮಷೀನ್ ಬೇಕು. ಅದು ಮನೆಯ ಕೆಲಸದ ಮಟ್ಟಕ್ಕೆ ಮೀರಿದ್ದು.

ಇನ್ನು ಕೂರಿಸುವುದು. ಮೊದಲ ವಾರ ನಾನು ಇದನ್ನು ವರ್ಕ್‌ಬೆಂಚಿಗೆ ಬೋಲ್ಟ್ ಹಾಕಿ ಬಿಗಿದಿದ್ದೆ. 1.2 ಮೀಟರ್ ಉದ್ದದ ಹಿಡಿಕೆ ಎಳೆದಾಗ ಟ್ಯೂಬ್ ಬಾಗುವ ಬದಲು ಬೆಂಚೇ ತಿರುಗಿತು. ಕಾಂಕ್ರೀಟ್ ನೆಲಕ್ಕೆ M12 ಆಂಕರ್ ಬೋಲ್ಟ್ ನಾಲ್ಕು ಹಾಕಿ, ಅದರ ಮೇಲೆ ಕಂಬ ನಿಲ್ಲಿಸಿ, ಕಂಬದ ತಲೆಗೆ ಬೆಂಡರ್ ಕೂರಿಸಿದ ಮೇಲೆ ಅದೇ ಕೆಲಸ ಹಗುರವಾಯಿತು. ಹಿಡಿಕೆ ಸೊಂಟದ ಎತ್ತರಕ್ಕೆ ಬರಲಿ. ಸುತ್ತ ಜಾಗವೂ ಬಿಡಿ, ಹಿಡಿಕೆ ತಿರುಗುವುದಕ್ಕೆ ಮಾತ್ರ ಅಲ್ಲ, ಬಾಗುತ್ತಿರುವ ಟ್ಯೂಬಿನ ಉದ್ದ ತುದಿ ಬೀಸುವುದಕ್ಕೂ. ನನ್ನದು ಒಮ್ಮೆ ಹೋಗಿ ಕಿಟಕಿ ಗಾಜಿಗೆ ಬಡಿದಿತ್ತು.

ಲೆಕ್ಕ ಕಷ್ಟ ಅಂತ ತುಂಬಾ ಜನ ಹೆದರುತ್ತಾರೆ. ಒಂದು ಉದಾಹರಣೆ ಹೇಳುತ್ತೇನೆ. ತಳ್ಳುಗಾಡಿಗೆ U ಆಕಾರದ ಹಿಡಿ ಬೇಕಿತ್ತು, ಎರಡು ಕಾಲುಗಳ ನಡುವೆ ನಡುಗೆರೆಯಿಂದ ನಡುಗೆರೆಗೆ 450 ಮಿಮೀ. 100 ಮಿಮೀ ರೇಡಿಯಸ್ಸಿನ 90 ಡಿಗ್ರಿ ಬಾಗಿಗೆ 157 ಮಿಮೀ ಟ್ಯೂಬ್ ಹೋಗುತ್ತದೆ. ಎರಡು ಬಾಗಿನ ರೇಡಿಯಸ್ ಕಳೆದರೆ ಮಧ್ಯದ ನೇರ ಭಾಗ 250. ಹಾಗಾಗಿ ಮೊದಲ ಬಾಗು ಶುರುವಾಗುವ ಗುರುತಿನಿಂದ ಎರಡನೆಯದರ ಗುರುತಿಗೆ 157 ಮತ್ತು 250, ಒಟ್ಟು 407 ಮಿಮೀ. ಇಷ್ಟೇ ಲೆಕ್ಕ. ಬಗ್ಗಿಸಿ ಅಳೆದರೆ 452 ಬಂತು. ಆ 2 ಮಿಮೀ ಎಲ್ಲಿಂದ ಬಂತು ಅಂತ ಸುಮಾರು ಹೊತ್ತು ತಲೆ ಕೆಡಿಸಿಕೊಂಡೆ. ಕಾರಣ ಸ್ಪ್ರಿಂಗ್‌ಬ್ಯಾಕ್. ಹಿಡಿಕೆ ಬಿಟ್ಟ ತಕ್ಷಣ ಟ್ಯೂಬ್ ಸ್ವಲ್ಪ ಹಿಂದಕ್ಕೆ ಬರುತ್ತದೆ. ನನ್ನ ಟ್ಯೂಬಿನಲ್ಲಿ 90 ಸಿಗಬೇಕಾದರೆ 94ರವರೆಗೆ ಎಳೆಯಬೇಕು. ಹಿಂದಕ್ಕೆ ಬಂದಾಗ ಕೋನದ ಜೊತೆ ಬಾಗಿನ ರೇಡಿಯಸ್ಸೂ ಒಂಚೂರು ತೆರೆದುಕೊಳ್ಳುತ್ತದೆ.

ಈ 4 ಡಿಗ್ರಿ ನಿಮ್ಮ ಟ್ಯೂಬಿಗೆ 3 ಇರಬಹುದು, 6 ಇರಬಹುದು. ಸ್ಟೇನ್‌ಲೆಸ್ ಆದರೆ ಇನ್ನೂ ಜಾಸ್ತಿ. ಅದಕ್ಕೇ ಹೊಸ ಟ್ಯೂಬ್ ಬಂದಾಗಲೆಲ್ಲ ನಾನು ಮೊದಲು ಒಂದು ತುಂಡು ಕತ್ತರಿಸಿ ಬಗ್ಗಿಸುತ್ತೇನೆ. ಎಳೆದದ್ದು ಎಷ್ಟು, ಉಳಿದದ್ದು ಎಷ್ಟು, ಗುರುತಿನಿಂದ ಎಷ್ಟು ದೂರದಲ್ಲಿ ಬಾಗು ಶುರುವಾಯಿತು, ಮೂರನ್ನೂ ಆ ತುಂಡಿನ ಮೇಲೇ ಮಾರ್ಕರಿನಲ್ಲಿ ಬರೆದು ಗೋಡೆಗೆ ನೇತು ಹಾಕುತ್ತೇನೆ. ಈಗ ಅಲ್ಲಿ ಒಂಬತ್ತು ತುಂಡುಗಳಿವೆ.

ಬೆಸುಗೆ ಗೆರೆ ಬಗ್ಗೆಯೂ ಹೇಳಲೇಬೇಕು. ನಮಗೆ ಸಿಗುವ ಹೆಚ್ಚಿನ ಟ್ಯೂಬ್ ತಗಡನ್ನು ಸುತ್ತಿ ಉದ್ದಕ್ಕೂ ಬೆಸೆದದ್ದು. ಹೊರಗೆ ಗೆರೆ ಕಾಣದಿದ್ದರೆ ಟ್ಯೂಬಿನ ಬಾಯಿಗೆ ಟಾರ್ಚ್ ಬಿಟ್ಟು ನೋಡಿ. ಒಳಗೆ ದಾರದಷ್ಟು ಸಣ್ಣ ಉಬ್ಬು ಉದ್ದಕ್ಕೆ ಹೋಗಿರುತ್ತದೆ. ಅದನ್ನು ಪಕ್ಕಕ್ಕೆ ಇಟ್ಟು ಬಗ್ಗಿಸಬೇಕು. ಹೊರಮಗ್ಗುಲು ಹಿಗ್ಗುತ್ತದೆ, ಒಳಮಗ್ಗುಲು ಕುಗ್ಗುತ್ತದೆ, ಪಕ್ಕಕ್ಕೆ ಎರಡೂ ಇಲ್ಲ. ಹಿಡಿಗಳಲ್ಲಿ ಎರಡು ಬಾಗು ಒಂದೇ ಮಟ್ಟದಲ್ಲಿ ಬರದೆ ತಿರುಚಿಕೊಳ್ಳುವುದಕ್ಕೂ ಈ ಗೆರೆ ಮದ್ದು. ಅದನ್ನೇ ಹಿಡಿದು ಹೊರಗೆ ಒಂದು ನೇರ ಗೆರೆ ಎಳೆದುಕೊಳ್ಳಿ. ಎರಡನೇ ಬಾಗಿಗೆ ಮುನ್ನ ಮೊದಲ ಕಾಲಿನ ಮೇಲೆ ರಸಮಟ್ಟ ಇಟ್ಟು ನೋಡಿ.

ಮೂರು ವರ್ಷದಲ್ಲಿ ಏನೇನು ಕೆಟ್ಟಿತು? ಹಿಡಿಕೆಯ ಪಿನ್ ಕೂರುವ ತೂತುಗಳು ಎರಡನೇ ವರ್ಷದ ಕೊನೆಗೆ ಉದ್ದವಾಗಿ ಸವೆದವು. ಜೊತೆಗೆ ಬಂದ ಪಿನ್ ಮೆತ್ತಗಿತ್ತು. ಗಟ್ಟಿ ಉಕ್ಕಿನ ಪಿನ್ ಹಾಕಿ, ತೂತಿಗೆ ಬುಶ್ (ಲೋಹದ ಬಳೆ) ಕೂರಿಸಿದೆ, ಆಮೇಲೆ ತೊಂದರೆ ಇಲ್ಲ. ಡಿಗ್ರಿ ತೋರಿಸುವ ಸ್ಟಿಕರ್ ಎಣ್ಣೆ ತಾಗಿ ಆರೇ ತಿಂಗಳಲ್ಲಿ ಎದ್ದುಹೋಯಿತು. ಮ್ಯಾಗ್ನೆಟ್ ಇರುವ ಡಿಜಿಟಲ್ ಆಂಗಲ್ ಗೇಜ್ ತಂದೆ, ಮೊದಲೇ ತರಬೇಕಿತ್ತು. ಎರಡನೆಯ ಡೈ ತರಿಸಿದಾಗ ಅದರ ತೋಡು ಒರಟಾಗಿತ್ತು, ಟ್ಯೂಬಿನ ಮೇಲೆಲ್ಲ ಗೀರು. ಮಾರಿದವರು ಬದಲಿಸಿಕೊಡಲು ಒಪ್ಪಲಿಲ್ಲ. ಎಮರಿ ಪೇಪರ್ ಹಿಡಿದು ಒಂದು ಸಂಜೆ ತಿಕ್ಕಿದೆ, ಸರಿಹೋಯಿತು, ಆದರೂ ಆ ವ್ಯವಹಾರ ಇವತ್ತಿಗೂ ಬೇಸರ. ಫಾಲೋವರ್ ಬ್ಲಾಕಿಗೆ ಪ್ರತಿ ಸಲ ಗ್ರೀಸ್ ಹಚ್ಚುತ್ತೇನೆ. ಟ್ಯೂಬ್ ಬಿಗಿಯುವ ಕಡೆ ಮಾತ್ರ ಒಂದು ಹನಿಯೂ ಬೇಡ, ಜಾರುತ್ತದೆ.

ಡೈ ಇಲ್ಲದ ದೊಡ್ಡ ಬಾಗಿಗೆ ಒಣ ಮರಳು ತುಂಬಿ, ತುದಿಗಳಿಗೆ ಮುಚ್ಚಳ ಹಾಕಿ, ಬಿಸಿ ಮಾಡಿ ಬಗ್ಗಿಸುವ ಹಳೆಯ ಪದ್ಧತಿ ಇದೆ, ನಾನೂ ಮಾಡಿದ್ದೇನೆ. ಮರಳಿನಲ್ಲಿ ಪಸೆ ಇದ್ದರೆ ಆವಿ ಕಟ್ಟಿ ಮುಚ್ಚಳ ಗುಂಡಿನ ಹಾಗೆ ಹಾರುತ್ತದೆ, ಹಾಗಾಗಿ ಹುರಿದ ಮರಳೇ ಆಗಬೇಕು. ಸತು ಲೇಪನದ ಟ್ಯೂಬನ್ನಂತೂ ಬಿಸಿ ಮಾಡಲೇಬೇಡಿ, ಆ ಹೊಗೆ ಎದೆಗೆ ಕೆಟ್ಟದ್ದು.

ಒಂದು ಮಿತಿ ಇದೆ, ಅದಕ್ಕೆ ನನ್ನ ಬಳಿ ಉತ್ತರವಿಲ್ಲ. ತುದಿ ಬಿಗಿಯಲು ಜಾಗ ಬೇಕಾಗುವುದರಿಂದ, ಎರಡು ಬಾಗಿನ ನಡುವೆ 60 ಮಿಮೀಗಿಂತ ಕಡಿಮೆ ನೇರ ಭಾಗ ಇದ್ದರೆ ನನ್ನ ಬೆಂಡರಿನಲ್ಲಿ ಆಗುವುದಿಲ್ಲ. ಅಂಥ ಕಡೆ ಈಗಲೂ ಎರಡು ತುಂಡು ಬಗ್ಗಿಸಿ, ಮಧ್ಯೆ ವೆಲ್ಡ್ ಮಾಡಿ, ಗ್ರೈಂಡರ್ ಹಿಡಿಯುತ್ತೇನೆ.